ಮೂರೂವರೆ ಸಾವಿರದ ಹೊಂಗೆ ಮರ: ನೆಟ್ಟುಕೊಟ್ಟರೋ, ಹೂತುಕೊಟ್ಟರೋ?

ನಮ್ಮ ಮನೆ ಪಶ್ಚಿಮಕ್ಕೆ ಮುಖ. ಮೈಸೂರಿನ ರಿಂಗ್ ರೋಡ್ ಆಚೆಗಿನ ಹೊಸ ಬಡಾವಣೆ, ನಮ್ಮ ಬೀದಿಯಲ್ಲಿ ನೆರಳು ಕೊಡುವಂಥದ್ದು ಅಂದರೆ ಕರೆಂಟ್ ಕಂಬ ಮಾತ್ರ. ಮಧ್ಯಾಹ್ನ ಎರಡು ಗಂಟೆಗೆ ಹಾಲ್ ಗೋಡೆ ಕಾಯಲು ಶುರುವಾದರೆ ರಾತ್ರಿ ಊಟದ ಹೊತ್ತಿಗೂ ಅದಕ್ಕೆ ಬೆನ್ನು ಕೊಟ್ಟು ಕೂರಲು ಆಗುವುದಿಲ್ಲ. ಎಸಿ ಹಾಕಿಸೋಣ ಅಂತ ಮನೆಯವರು, ಮರ ನೆಡೋಣ ಅಂತ ನಾನು. ನಾನು ಗೆದ್ದೆ. ಗೆದ್ದೆ ಅಂತ ಆಗ ಅಂದುಕೊಂಡಿದ್ದೆ.

ಇದು ಆ ಮರದ ರಿವ್ಯೂ. ಮರದ್ದು ಅನ್ನುವುದಕ್ಕಿಂತ ಅದನ್ನು ಮಾರಿ, ತಂದು, ನೆಟ್ಟುಕೊಟ್ಟ ನರ್ಸರಿಯವರ ಪ್ಯಾಕೇಜ್‌ನದ್ದು, ಆಮೇಲೆ ಅದನ್ನು ಉಳಿಸಿಕೊಳ್ಳಲು ನಾನು ಆನ್‌ಲೈನಲ್ಲಿ ತರಿಸಿದ ಒಂದೆರಡು ಸಾಮಾನಿನದ್ದು, ಕೊನೆಗೆ ದುಡ್ಡೇ ತೆಗೆದುಕೊಳ್ಳದ ನಮ್ಮ ಸೋದರಮಾವನದ್ದು. ನರ್ಸರಿ ಹೆಸರು ಹಾಕುತ್ತಿಲ್ಲ. ಇನ್ನೂ ನಾಲ್ಕು ಕಡೆ ವಿಚಾರಿಸಿದೆ, ಎಲ್ಲರೂ ಹೆಚ್ಚುಕಮ್ಮಿ ಹೀಗೇ ನೆಡುತ್ತಾರೆ. ಒಬ್ಬರ ಹೆಸರು ಹಾಕಿದರೆ ಮಿಕ್ಕವರು ಒಳ್ಳೆಯವರು ಅಂದುಕೊಂಡು ನೀವು ಅಲ್ಲಿಗೆ ಹೋಗುತ್ತೀರಿ.

ಪ್ಯಾಕೇಜ್ ಹೀಗಿತ್ತು. ಹತ್ತಡಿ ಎತ್ತರದ ಹೊಂಗೆ, ಸಾಗಾಟ, ಗುಂಡಿ, ಗೊಬ್ಬರ, ಆಸರೆ ಗಳ, ಒಂದು ವರ್ಷ ಗ್ಯಾರಂಟಿ, ಎಲ್ಲಾ ಸೇರಿ 3,500 ರೂಪಾಯಿ. ಹೊಂಗೆಯನ್ನೇ ಯಾಕೆ ಆರಿಸಿದೆ ಅಂದರೆ, ನಮ್ಮ ಕಡೆಯ ಮರ, ನೆರಳು ದಟ್ಟ, ಬೇಸಿಗೆ ನಡುವೆ ತಂಪು ಬೇಕಾದಾಗಲೇ ಮೈತುಂಬ ಎಲೆ ಇರುತ್ತದೆ. ಬೇರಲ್ಲಿ ಗಂಟು ಕಟ್ಟಿಕೊಂಡು ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುವ ಜಾತಿ, ಹಾಗಾಗಿ ಬಡ ಮಣ್ಣಲ್ಲೂ ಬರುತ್ತದೆ. ಇಷ್ಟು ಗಟ್ಟಿ ಮರವನ್ನು ಕೂಡ ಸಾಯುವ ಸ್ಥಿತಿಗೆ ತರಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ.

ಜನವರಿ ಕೊನೆಯಲ್ಲಿ ಬಂದರು. ಬೇಸಿಗೆ ಬರ್ತಾ ಇದೆ, ಈಗ ನೆಡಬಹುದಾ ಅಂತ ಮೊದಲೇ ಕೇಳಿದ್ದೆ. "ಯಾವಾಗ ಬೇಕಾದ್ರೂ ನೆಡಬಹುದು ಮೇಡಂ, ಬ್ಯಾಗಲ್ಲಿರೋ ಗಿಡ, ಅದಕ್ಕೆ ಗೊತ್ತೇ ಆಗಲ್ಲ" ಅಂದಿದ್ದರು. ಅದಕ್ಕೆ ಚೆನ್ನಾಗಿ ಗೊತ್ತಾಯಿತು, ಮುಂದೆ ಹೇಳುತ್ತೇನೆ. ಲಗೇಜ್ ಆಟೋದಲ್ಲಿ ಮರವನ್ನು ಮಲಗಿಸಿ, ಮೇಲೆ ಒಂದು ತಾಡಪಾಲು ಕೂಡ ಹೊದಿಸದೆ, ಸುಡುವ ಬಿಸಿಲಲ್ಲಿ ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದರು. ಬೈಕಲ್ಲಿ ಒದ್ದೆ ಟವೆಲ್ ಹಿಡಿದುಕೊಂಡು ಹೋದರೆ ಎಷ್ಟು ಹೊತ್ತಲ್ಲಿ ಒಣಗುತ್ತದೆ ನೋಡಿ, ಎಲೆಗೂ ಅದೇ ಗತಿ. ಇಳಿಸುವಾಗಲೇ ತುದಿ ಎಲೆಗಳು ಜೋಲುಬಿದ್ದಿದ್ದವು.

ಇಬ್ಬರು ಹುಡುಗರು. ಹಾರೆಯಲ್ಲಿ ಒಂದೂವರೆ ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿ ತೆಗೆದರು, ಬಾವಿ ಥರ. ಬಿಲ್ಡರ್ ಬಿಟ್ಟುಹೋದ ಇಟ್ಟಿಗೆ ಚೂರು, ಸಿಮೆಂಟ್ ಹೆಪ್ಪು ಎಲ್ಲಾ ಮೇಲೆ ಬಂತು. ಗಿಡ ಇಳಿಸಿದರು, ಅದೇ ಚೂರನ್ನೇ ಮಣ್ಣಿನ ಜೊತೆ ಒಳಗೆ ತಳ್ಳಿದರು, ಕಾಲಲ್ಲಿ ತುಳಿದರು, ಒಂದು ಪುಟ್ಟಿ ಗೊಬ್ಬರ ಸುರಿದು ಗಳಕ್ಕೆ ನಾರಿನ ಹಗ್ಗದಲ್ಲಿ ಬಿಗಿದು ಕಟ್ಟಿದರು. ನಲವತ್ತು ನಿಮಿಷಕ್ಕೆ ಕೆಲಸ ಮುಗೀತು. ಕಾಫಿ ಕೊಟ್ಟೆ, ಟಿಪ್ಸ್ ಕೂಡ ಕೊಟ್ಟೆ. ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಎಂಬತ್ತು ಜನ ನೋಡಿದರು, ಪಿರಿಯಾಪಟ್ಟಣದ ನಮ್ಮ ಸೋದರಮಾವ ಒಬ್ಬರೇ "ಈಗ್ಯಾಕೆ ನೆಟ್ಟೆ?" ಅಂತ ಕೇಳಿದ್ದು. ನಾನು ಉತ್ತರ ಕೊಡಲಿಲ್ಲ.

ಎರಡನೇ ವಾರಕ್ಕೆ ಎಲೆಯ ಅಂಚು ಕಂದುಬಣ್ಣಕ್ಕೆ ತಿರುಗಿತು. ಸುಟ್ಟ ದೋಸೆಯ ಅಂಚಿನ ಹಾಗೆ. ಮೂರನೇ ವಾರಕ್ಕೆ ಉದುರಲು ಶುರು. ನರ್ಸರಿಗೆ ಫೋನ್ ಮಾಡಿದೆ. "ಇದು ಎಲೆ ಉದುರೋ ಸೀಸನ್ ಮೇಡಂ, ಹೊಂಗೆ ಈಗ ಉದುರ್ಸುತ್ತೆ, ಟೆನ್ಷನ್ ಮಾಡ್ಕೋಬೇಡಿ."

ಇಲ್ಲೇ ನಾನು ಮೋಸ ಹೋದದ್ದು. ಯಾಕಂದರೆ ಅವರು ಹೇಳಿದ್ದು ಸುಳ್ಳಲ್ಲ. ಹೊಂಗೆ ನಿಜಕ್ಕೂ ಚಳಿಗಾಲದ ಕೊನೆಗೆ ಎಲೆ ಉದುರಿಸುತ್ತದೆ. ಆದರೆ ಅದು ಉದುರಿಸುವ ರೀತಿಯೇ ಬೇರೆ. ಎಲೆ ಹಳದಿಯಾಗಿ ಸಲೀಸಾಗಿ ಕಳಚಿಕೊಳ್ಳುತ್ತದೆ, ಹಿಂದೆಯೇ ತಳತಳ ಹೊಳೆಯುವ ಎಳೇ ಹಸಿರು ಚಿಗುರು ಬರುತ್ತದೆ. ನಮ್ಮದರ ಎಲೆ ಅಂಚಿನಿಂದ ಒಳಗೆ ಸುಟ್ಟುಕೊಂಡು, ಗರಿಗರಿ ಒಣಗಿ, ಅರ್ಧ ಕಡ್ಡಿಯಲ್ಲೇ ಅಂಟಿಕೊಂಡು ನಿಂತಿತ್ತು. ಇದು ನೀರು ಸಿಗದೆ ಒಣಗಿದ ಲಕ್ಷಣ. ಯುಗಾದಿ ಹೊತ್ತಿಗೆ ಪಕ್ಕದ ಮೇನ್ ರೋಡಿನ ಹೊಂಗೆಗಳೆಲ್ಲ ಹೊಸ ಬಟ್ಟೆ ಹಾಕಿಕೊಂಡ ಹಾಗೆ ನಿಂತಿದ್ದವು, ನಮ್ಮದು ಮಾತ್ರ ಪೊರಕೆ ಕಡ್ಡಿ. ಹೊಂಗೆ ನೆಟ್ಟವರಿಗೆ ನಾನು ಹೇಳುವುದು ಇಷ್ಟೇ, ನಿಮ್ಮ ಗಿಡ ಹೇಗಿದೆ ಅಂತ ತಿಳಿಯಬೇಕಾದರೆ ಫೋನ್ ಇಟ್ಟು ಬೀದಿಗೆ ಹೋಗಿ, ದೊಡ್ಡ ಹೊಂಗೆಗಳು ಈ ವಾರ ಏನು ಮಾಡುತ್ತಿವೆ ನೋಡಿ ಬನ್ನಿ.

ಈ ನಡುವೆ ನಾನು ಸುಮ್ನೆ ಕೂತಿರಲಿಲ್ಲ. ಸುಮ್ನೆ ಕೂತಿದ್ದರೇ ಚೆನ್ನಾಗಿತ್ತು. ಮೊದಲು ದಿನಾ ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು. ಅಷ್ಟು ನೀರು ಮೇಲಿನ ಎರಡು ಇಂಚು ಮಣ್ಣನ್ನು ಒದ್ದೆ ಮಾಡಿ ಬಿಸಿಲಿಗೆ ಆರಿಹೋಗುತ್ತದೆ, ಬೇರಿಗೆ ಮುಟ್ಟುವುದೇ ಇಲ್ಲ. ಆಮೇಲೆ ಆರ್‌ಒ ಫಿಲ್ಟರಿನ ವೇಸ್ಟ್ ನೀರು ಸುಮ್ನೆ ಹಾಳಾಗುತ್ತದಲ್ಲ ಅಂತ ಬಕೆಟಲ್ಲಿ ಹಿಡಿದು ಹಾಕಿದೆ. ಫಿಲ್ಟರು ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ವೇಸ್ಟ್ ನೀರಲ್ಲೇ ಇರುತ್ತದೆ ಅನ್ನುವುದು ಹತ್ತನೇ ಕ್ಲಾಸ್ ಮಗನಿಗೆ ಗೊತ್ತಿತ್ತು, ನನಗೆ ಹೊಳೆಯಲಿಲ್ಲ. ಮೊದಲೇ ಅಂಚು ಸುಟ್ಟ ಎಲೆ, ಅದಕ್ಕೆ ಉಪ್ಪು ನೀರಿನ ಉಪಚಾರ. ಮೂರನೆಯದು, ಒಂದು ಹಿಡಿ ಡಿಎಪಿ. ಬೇರೇ ನೆಟ್ಟಗಿಲ್ಲದ ಗಿಡಕ್ಕೆ ರಸಗೊಬ್ಬರ ಹಾಕುವುದೂ, ಜ್ವರ ಬಂದು ಮಲಗಿದವರಿಗೆ ಬಿರಿಯಾನಿ ಬಡಿಸುವುದೂ ಒಂದೇ. ಹೊಸ ಗಿಡಕ್ಕೆ ಮೊದಲ ವರ್ಷ ರಸಗೊಬ್ಬರ ಬೇಡವೇ ಬೇಡ. ಇಷ್ಟು ನನ್ನ ತಪ್ಪಿನ ಪಟ್ಟಿ. ನರ್ಸರಿಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು ಅಲ್ವಾ.

ಆಮೇಲೆ ಶಾಪಿಂಗ್. ಆನ್‌ಲೈನಲ್ಲಿ ಮರಕ್ಕೆ ನೀರುಣಿಸುವ ಚೀಲ ಅಂತ ಒಂದು ಸಿಗುತ್ತದೆ. ಹಸಿರು ದಪ್ಪ ಪ್ಲಾಸ್ಟಿಕ್, ಕಾಂಡದ ಸುತ್ತ ಕೋಟಿನ ಹಾಗೆ ತೊಡಿಸಿ ಜಿಪ್ ಎಳೆಯುವುದು, ಮೇಲಿನ ಬಾಯಿಂದ 75 ಲೀಟರ್ ನೀರು ತುಂಬಿಸುವುದು. ಅಡಿಯಲ್ಲಿರುವ ಎರಡು ಸಣ್ಣ ತೂತಿಂದ ಐದಾರು ಗಂಟೆ ಜಿನುಗುತ್ತಾ ಇಳಿಯುತ್ತದೆ. ಸಾವಿರದ ನೂರು ರೂಪಾಯಿ ಕೊಟ್ಟೆ. ಐಡಿಯಾ ಒಳ್ಳೆಯದೇ. ಹೊಸ ಮರಕ್ಕೆ ಬೇಕಾದದ್ದು ನಿಧಾನವಾಗಿ, ಆಳಕ್ಕೆ, ಅಪರೂಪಕ್ಕೆ ಕೊಡುವ ನೀರು. ಅದನ್ನು ಈ ಚೀಲ ಮಾಡುತ್ತದೆ. ಪಾರ್ಕಿನಲ್ಲಿ, ರಸ್ತೆ ಬದಿಯಲ್ಲಿ ವಾರಕ್ಕೊಮ್ಮೆ ಟ್ಯಾಂಕರ್ ಬರುವ ಕಡೆ ಇದು ತುಂಬಾ ಅನುಕೂಲ.

ನಮ್ಮ ಮನೆಯಲ್ಲಿ ಆದದ್ದು ಬೇರೆ. ನಮ್ಮ ಮರದ ಕಾಂಡ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. 75 ಲೀಟರ್ ಅಂದರೆ 75 ಕೆಜಿ. ತುಂಬಿಸಿದ ಕೂಡಲೇ ಚೀಲ ಒಂದು ಕಡೆ ವಾಲಿ, ಮರವನ್ನೂ ವಾಲಿಸಿತು. ಅರ್ಧ ತುಂಬಿಸಲು ಶುರು ಮಾಡಿದೆ. ನಮ್ಮದು ಬೋರ್ ನೀರು, ಗಡಸು, ಎರಡು ವಾರದಲ್ಲಿ ತೂತು ಬೆಳ್ಳಗೆ ಕಟ್ಟಿಕೊಂಡಿತು, ಸೂಜಿ ಹಾಕಿ ಬಿಡಿಸಬೇಕಾಯಿತು. ಹತ್ತು ದಿನಕ್ಕೊಮ್ಮೆ ಜಿಪ್ ತೆಗೆದು ನೋಡಿದರೆ ಒಳಗೆ ತೊಗಟೆ ಸದಾ ತೇವ, ಇರುವೆ, ಸಹಸ್ರಪದಿ, ಒಂಥರಾ ಮುಗ್ಗು ವಾಸನೆ. ಕಾಂಡದ ಬುಡಕ್ಕೆ ಗಾಳಿ ಆಡಬೇಕು. ಈ ಚೀಲ ತೊಡಿಸಿ ಮರೆತುಬಿಟ್ಟರೆ ಬುಡ ಕೊಳೆತರೂ ಗೊತ್ತಾಗುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ತಮಾಷೆ ಅಂದರೆ, ಚೀಲದ ನೀರು ಇಳಿಯುತ್ತಿತ್ತು, ಸುತ್ತಲಿನ ಮಣ್ಣು ಕೆಸರಾಗುತ್ತಿತ್ತು, ಮರ ಮಾತ್ರ ಒಣಗುತ್ತಲೇ ಇತ್ತು. ಮಗ ಒಂದು ದಿನ ಉದ್ದನೆಯ ಸ್ಕ್ರೂಡ್ರೈವರ್ ತಂದು ಚುಚ್ಚಿ ನೋಡಿದ. ಗುಂಡಿಯ ಅಂಚಲ್ಲಿ ಬೆಣ್ಣೆಯ ಹಾಗೆ ಇಳಿಯಿತು. ಕಾಂಡದ ಪಕ್ಕದಲ್ಲಿ ನಾಲ್ಕು ಇಂಚಿಗೇ ನಿಂತಿತು, ಹೊರಗೆ ತೆಗೆದರೆ ತುದಿಯಲ್ಲಿ ಒಣ ಪುಡಿ. ಸುತ್ತ ನೀರು, ನಡುವೆ ಬರ. ಯಾಕೆ ಅಂತ ಇಬ್ಬರಿಗೂ ಅರ್ಥವಾಗಲಿಲ್ಲ.

ಸ್ಟಾರ್ ಕೊಡುವುದಾದರೆ ಚೀಲಕ್ಕೆ ಐದಕ್ಕೆ ಮೂರು. ಕಾಂಡ ಮಣಿಕಟ್ಟಿನಷ್ಟಾದರೂ ದಪ್ಪ ಇದ್ದರೆ, ನೀರು ಮೆದುವಾಗಿದ್ದರೆ, ವಾರಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸುವ ತಾಳ್ಮೆ ಇದ್ದರೆ ತಗೊಳ್ಳಿ. ಅದರ ಜೊತೆಗೇ ತರಿಸಿದ 'ಗಿಡಕ್ಕೆ ಜೀವ ತುಂಬುವ' ಕಡಲಕಳೆ ದ್ರಾವಣ, ಅರ್ಧ ಲೀಟರ್ 450 ರೂಪಾಯಿ, ಮೀನು ಮಾರ್ಕೆಟ್ ವಾಸನೆ. ಮೂರು ಸಲ ಹಾಕಿದೆ, ಏನೂ ಆಗಲಿಲ್ಲ. ಬೇರು ಸರಿಯಿಲ್ಲದಾಗ ಯಾವ ಟಾನಿಕ್ಕೂ ಏನೂ ಮಾಡುವುದಿಲ್ಲ, ಬಾಟ್ಲಿ ಮೇಲೆ ಅದನ್ನು ಬರೆದಿರುವುದಿಲ್ಲ ಅಷ್ಟೇ.

ಏಪ್ರಿಲ್ ಎರಡನೇ ವಾರ ಮಾವ ಯಾವುದೋ ಮದುವೆಗೆ ಬಂದವರು ಮನೆಗೂ ಬಂದರು. ಚಪ್ಪಲಿ ಕೂಡ ಬಿಡಲಿಲ್ಲ, ಗೇಟಲ್ಲೇ ನಿಂತು ಮರ ನೋಡಿದರು. ಹೆಬ್ಬೆರಳ ಉಗುರಲ್ಲಿ ತುದಿ ಕಡ್ಡಿಯ ತೊಗಟೆ ಕೆರೆದರು, ಒಳಗೆ ಕಂದು. ಒಂದಡಿ ಕೆಳಗೆ ಕೆರೆದರು, ಅಲ್ಲೂ ಕಂದು. ಹಾಗೇ ಕೆರೆಯುತ್ತಾ ಕೆರೆಯುತ್ತಾ ನನ್ನ ಎದೆಯೆತ್ತರಕ್ಕೆ ಬಂದರು. ಅಲ್ಲಿ ಹಸಿ. ಎಳೆ ಸೌತೆಕಾಯಿ ಸಿಪ್ಪೆಯ ಒಳಭಾಗದ ಹಾಗೆ ತೆಳು ಹಸಿರು, ಬೆರಳಿಗೆ ತೇವ ಹತ್ತಿತು.

"ಇಲ್ಲೀವರೆಗೂ ಜೀವ ಐತೆ ಕಣವ್ವ," ಅಂದರು. ಆಮೇಲೆ ಬುಡ ನೋಡಿ, "ಇದನ್ನ ನೆಟ್ಟವ್ರೋ, ಹೂತವ್ರೋ?" ಅಂತ ಕೇಳಿದರು.

ನನಗೆ ಅರ್ಥವಾಗಲಿಲ್ಲ. ಮಾವ ತೋರಿಸಿದರು. ಯಾವ ಮರವೇ ಆಗಲಿ, ನೆಲಕ್ಕೆ ಮುಟ್ಟುವ ಕಡೆ ಬುಡ ಸ್ವಲ್ಪ ಅಗಲವಾಗಿ ಹರಡಿಕೊಳ್ಳುತ್ತದೆ, ಅಲ್ಲಿಂದ ಬೇರು ಕವಲೊಡೆಯುತ್ತದೆ. ಆ ಹರವು ಮಣ್ಣಿನ ಮೇಲೆ ಕಾಣಬೇಕು. ನಮ್ಮದು ಗಳ ನೆಟ್ಟ ಹಾಗೆ ನೇರ ಮಣ್ಣೊಳಗೆ ಹೋಗಿತ್ತು. "ಬೇರೂ ಉಸಿರಾಡ್ತದೆ ಮಗ. ಮೂಗಿನ್ ತಂಕ ಮಣ್ಣು ತುಂಬಿದ್ರೆ?" ಅಂತ ಪಂಚೆ ಎತ್ತಿ ಕಟ್ಟಿದರು. ಮದುವೆಗೆ ಉಟ್ಟ ಪಂಚೆ. ಅತ್ತೆ ಒಳಗಿಂದ ಕೂಗಿದ್ದು ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಗುದ್ದಲಿ ಮುಟ್ಟಲಿಲ್ಲ. ತೆಂಗಿನ ಚಿಪ್ಪು ಕೇಳಿದರು. ಚಿಪ್ಪಿನ ಅಂಚಲ್ಲಿ ಬುಡದ ಸುತ್ತ ಮಣ್ಣು ಕೆರೆದು ಕೆರೆದು ತೆಗೆದರು. ನಾಲ್ಕು ಇಂಚು, ಆರು ಇಂಚು, ಬೇರು ಇಲ್ಲ. ಎಂಟು ಇಂಚಿಗೆ ಮೊದಲ ಬೇರು ಸಿಕ್ಕಿತು. ಅದಕ್ಕಿಂತ ಮೊದಲೇ ಇನ್ನೊಂದು ಸಿಕ್ಕಿತ್ತು: ಕಪ್ಪು ಪ್ಲಾಸ್ಟಿಕ್. ನರ್ಸರಿ ಹುಡುಗರು ಬ್ಯಾಗಿನ ಮೇಲಿನ ಅರ್ಧ ಹರಿದು ತೆಗೆದು, ಕೆಳಗಿನ ಅರ್ಧವನ್ನು ಹಾಗೇ ಬಿಟ್ಟು ಇಳಿಸಿದ್ದರು. ಮಣ್ಣಿನ ಹೆಂಟೆ ಒಡೆಯಬಾರದು ಅಂತ ಇರಬಹುದು, ಸೋಮಾರಿತನವೂ ಇರಬಹುದು. ಚೀಲದ ನೀರು ಬೇರಿಗೆ ಯಾಕೆ ಹೋಗುತ್ತಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಪಕ್ಕದಿಂದ ಬಂದ ನೀರನ್ನು ಪ್ಲಾಸ್ಟಿಕ್ ತಡೆದು ಗುಂಡಿಯ ತಳಕ್ಕೆ ಕಳಿಸುತ್ತಿತ್ತು.

ಸಂಜೆ ಬಿಸಿಲು ಇಳಿದ ಮೇಲೆ ಮಾವ, ನಮ್ಮವರು, ಮಗ ಮೂವರೂ ಸೇರಿ ಹೆಂಟೆ ಸಮೇತ ಎತ್ತಿದರು. ನೆಟ್ಟು ಮೂರು ತಿಂಗಳೂ ಆಗಿರಲಿಲ್ಲ, ಬೇರು ಆಚೆ ಎಲ್ಲೂ ಹೋಗಿರಲಿಲ್ಲ, ಅದಕ್ಕೇ ಎತ್ತಿದ್ದು. ವರ್ಷ ಕಳೆದಿದ್ದರೆ ಎತ್ತುವ ಸಾಹಸ ಬೇಡ, ಬುಡದ ಸುತ್ತ ಅಗಲವಾಗಿ ಮಣ್ಣು ತೆಗೆದು ಹರವು ಬಿಡಿಸಿದರೆ ಸಾಕು ಅಂದರು ಮಾವ. ಪ್ಲಾಸ್ಟಿಕ್ ಬಿಡಿಸಿದ ಮೇಲೆ ಕಂಡದ್ದನ್ನು ನಾನು ಮರೆಯುವುದಿಲ್ಲ. ಬೇರುಗಳು ಬ್ಯಾಗಿನ ಆಕಾರದಲ್ಲೇ ಸುತ್ತಿ ಸುತ್ತಿ, ಸಿಂಬೆಯ ಹಾಗೆ ಒಂದರ ಮೇಲೊಂದು ಕೂತಿದ್ದವು. ಒಂದು ಬೇರು, ನನ್ನ ಕಿರುಬೆರಳಷ್ಟು ದಪ್ಪ, ಕಾಂಡವನ್ನೇ ಅರ್ಧ ಸುತ್ತು ಹಾಕಿತ್ತು. ಅದೇ ಇನ್ನು ಐದು ವರ್ಷಕ್ಕೆ ಕಾಂಡದ ಕುತ್ತಿಗೆ ಹಿಸುಕುತ್ತಿತ್ತಂತೆ. ಗಾಳಿಗೆ ಸುಲಭಕ್ಕೆ ಬೀಳದ ಹೊಂಗೆ ಕೂಡ ಬೇರು ಹೀಗಿದ್ದರೆ ಉರುಳುತ್ತದೆ. ವರ್ಷಗಟ್ಟಲೆ ಅದೇ ಬ್ಯಾಗಲ್ಲಿ ಇಟ್ಟು, ಗಿಡ ಎತ್ತರ ಆದಷ್ಟೂ ರೇಟು ಜಾಸ್ತಿ ಮಾಡಿ ಮಾರುವುದರ ಫಲ ಇದು. ನಾನು ಹತ್ತಡಿ ಅಂತ ಮೇಲಕ್ಕೆ ನೋಡಿ ದುಡ್ಡು ಕೊಟ್ಟಿದ್ದೆ, ಕೆಳಗೆ ನೋಡಿರಲಿಲ್ಲ.

ಮಾವ ಆ ಸುತ್ತು ಬೇರನ್ನು ಕತ್ತರಿಸಿದರು, ಮಿಕ್ಕವನ್ನು ಬೆರಳಲ್ಲಿ ಬಿಡಿಸಿ ಹೊರಮುಖ ಮಾಡಿದರು. ಗುಂಡಿಯನ್ನು ಆಳ ಕಡಿಮೆ ಮಾಡಿ ಅಗಲವನ್ನು ಎರಡರಷ್ಟು ಮಾಡಿದರು. ಆಳ ಇಷ್ಟೇ ಸಾಕಾ ಅಂದರೆ, ಕೆಳಗೆ ಸಡಿಲ ಮಣ್ಣು ತುಂಬಿದರೆ ನೀರು ಬಿದ್ದ ಹಾಗೆ ಕುಸಿದು ಗಿಡ ಮತ್ತೆ ಹೂತುಹೋಗುತ್ತದೆ, ಹೆಂಟೆ ಗಟ್ಟಿ ನೆಲದ ಮೇಲೇ ಕೂರಬೇಕು, ಬೇರು ಓಡಾಡುವುದು ಪಕ್ಕಕ್ಕೆ ಅಂತ ಉತ್ತರ. ನೆಡುವ ಮೊದಲು ಗುಂಡಿಗೆ ಎರಡು ಬಕೆಟ್ ನೀರು ಹಾಕಿ ಇಂಗುತ್ತದಾ ನೋಡಿದರು. ಮುಕ್ಕಾಲು ಗಂಟೆಯಲ್ಲಿ ಇಂಗಿತು. ನಿಂತಿದ್ದರೆ ಬೇರೆ ಜಾಗ ನೋಡಬೇಕಿತ್ತು. ಸಿಮೆಂಟ್ ಚೂರನ್ನೆಲ್ಲ ಆರಿಸಿ ಹಾಕಿದ್ದು ನಾನು, ಅದೇ ಒಂದು ಪುಟ್ಟಿ ಆಯಿತು.

ಒಣಗಿದ ಕಡ್ಡಿಗಳನ್ನು ಹಸಿ ಇರುವ ಕಡೆಯವರೆಗೆ ಕತ್ತರಿಸಿದ ಮೇಲೆ ನಮ್ಮ ಹತ್ತಡಿ ಮರ ನಾಲ್ಕೂವರೆ ಅಡಿಗೆ ಬಂತು. ಅಡಿಗೆ 350 ರೂಪಾಯಿ ಲೆಕ್ಕದಲ್ಲಿ ನನಗೆ ಎಷ್ಟು ಲಾಸ್ ಅಂತ ಮಗ ಅಲ್ಲೇ ಹೇಳಿದ. ಹಸಿ ಇರುವ ಒಂದು ಕಡ್ಡಿಯನ್ನೂ ಮಾವ ಮುಟ್ಟಲಿಲ್ಲ. "ಎಲೆ ಕಮ್ಮಿ ಮಾಡಿದ್ರೆ ಬೇರಿಗೆ ಭಾರ ಕಮ್ಮಿ ಅಂತಾರಲ್ಲ ಮಾವ?" ಅಂತ ನಾನು ಎಲ್ಲೋ ಓದಿದ್ದನ್ನು ಹೇಳಿದೆ. "ಎಲೆ ಇದ್ರೆ ತಾನೇ ಬೇರಿಗೆ ಊಟ" ಅಂದರು.

ಆಸರೆ ಗಳದ ವಿಷಯ. ನಾರಿನ ಹಗ್ಗ ಬಿಚ್ಚಿದರೆ ಕೆಳಗೆ ತೊಗಟೆ ಉಜ್ಜಿ ಬಳೆಯ ಹಾಗೆ ಗುರುತು. ಮಾವ ನನ್ನ ಹಳೇ ಕಾಟನ್ ಸೀರೆಯ ಅಂಚು ಹರಿದು, ಗಳಕ್ಕೂ ಕಾಂಡಕ್ಕೂ ನಡುವೆ 8ರ ಆಕಾರದಲ್ಲಿ ಸಡಿಲವಾಗಿ ಕಟ್ಟಿದರು. ಕಾಂಡ ಗಾಳಿಗೆ ಸ್ವಲ್ಪ ಅಲ್ಲಾಡಬೇಕು, ಆಗಲೇ ಅದು ದಪ್ಪವಾಗುವುದು, ಬಿಗಿದು ಕಟ್ಟಿದ ಗಿಡ ಗಳ ತೆಗೆದ ದಿನ ಬಗ್ಗಿಬಿಡುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆಯನ್ನು ಮೇಷ್ಟ್ರುಗಳು ಮಕ್ಕಳಿಗೆ ಹೇಳುತ್ತಾರೆ, ಗಿಡಕ್ಕೂ ಅಷ್ಟೇ ಸಲ್ಲುತ್ತದೆ ಅಂತ ಯಾರೂ ಹೇಳುವುದಿಲ್ಲ.

ನೀರಿಗೆ ಮಾವನ ವ್ಯವಸ್ಥೆ ಮಡಕೆ. ರಸ್ತೆ ಬದಿಯಲ್ಲಿ 80 ರೂಪಾಯಿಗೊಂದರ ಹಾಗೆ ಎರಡು ಮಡಕೆ. ಒಳಗೆ ಬಣ್ಣ, ಪಾಲಿಶ್ ಏನೂ ಇರಬಾರದು, ನೀರು ತಣ್ಣಗಾಗುವ ಮಾಮೂಲಿ ಮಣ್ಣಿನ ಮಡಕೆ. ಬುಡದಿಂದ ಒಂದು ಗೇಣು ಆಚೆ, ಆ ಕಡೆ ಒಂದು ಈ ಕಡೆ ಒಂದು, ಕುತ್ತಿಗೆವರೆಗೆ ಹೂಳಿದರು, ಮೇಲೆ ಮುಚ್ಚಳ. ಮುಚ್ಚಳ ಮರೆತರೆ ಸೊಳ್ಳೆ ಸಾಕಾಣಿಕೆ. ಮಡಕೆಯ ಮೈಯಿಂದಲೇ ನೀರು ಜಿನುಗುತ್ತದೆ, ಸುತ್ತಲಿನ ಮಣ್ಣು ಒಣಗಿದಷ್ಟೂ ಬೇಗ ಎಳೆದುಕೊಳ್ಳುತ್ತದೆ, ಒದ್ದೆ ಇದ್ದರೆ ನಿಧಾನ. ನಾನು ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿಸುತ್ತಿದ್ದೆ. ಅದರ ಮೇಲೆ ವಾರಕ್ಕೊಮ್ಮೆ ಪಾತಿ ತುಂಬ ಎರಡು ಬಕೆಟ್, ಒಂದೇ ಸಲ ಸುರಿಯದೆ ಪೈಪನ್ನು ಸಣ್ಣಗೆ ಬಿಟ್ಟು. ಪಾತಿಯ ಮೇಲೆ ಮೂರು ಇಂಚು ತರಗೆಲೆ, ತೆಂಗಿನ ಸಿಪ್ಪೆ ಹೊದಿಕೆ, ಆದರೆ ಕಾಂಡಕ್ಕೆ ತಾಗದ ಹಾಗೆ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು. ಉದ್ದಿನ ವಡೆ ಆಕಾರ ಅಂತ ನೆನಪಿಟ್ಟುಕೊಳ್ಳಿ, ನಡುವಿನ ತೂತಲ್ಲಿ ಮರ. ಪಶ್ಚಿಮದ ಕಡೆ ಎರಡು ತೆಂಗಿನ ಗರಿ ನಿಲ್ಲಿಸಿ ಮಧ್ಯಾಹ್ನದ ಬಿಸಿಲಿಗೆ ಮರೆ. ನೆರಳು ಕೊಡಲಿ ಅಂತ ತಂದ ಮರಕ್ಕೆ ನಾವೇ ನೆರಳು ಮಾಡಿಕೊಟ್ಟೆವು.

ಒಟ್ಟು ಖರ್ಚು 160 ರೂಪಾಯಿ, ಒಂದು ಹಳೇ ಸೀರೆ, ಒಂದು ಮದುವೆ ಪಂಚೆ.

"ಏನ್ ಮಾವ, ಬದುಕುತ್ತಾ?" ಅಂದೆ. "ಭರಣಿ ಮಳೆ ಬರ್ಲಿ, ನೋಡನ" ಅಂತ ಬಸ್ ಹತ್ತಿದರು.

ಈಗ ಗ್ಯಾರಂಟಿ ಕಥೆ. ಪ್ಲಾಸ್ಟಿಕ್ ಬ್ಯಾಗಿನ ಫೋಟೋ, ಸುತ್ತಿದ ಬೇರಿನ ಫೋಟೋ ನರ್ಸರಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಎರಡು ದಿನ ಬರಲಿಲ್ಲ. ಆಮೇಲೆ ವಾಯ್ಸ್ ಮೆಸೇಜ್: ಬಿಲ್ ಹಿಂದೆ ನೋಡಿ ಮೇಡಂ. ನೋಡಿದೆ. ನೀರಿನ ಕೊರತೆ, ಅತಿ ನೀರು, ಬಿಸಿಲು, ಕೀಟ, ದನ, ಮಣ್ಣಿನ ದೋಷ, ಗಿಡವನ್ನು ಸ್ಥಳಾಂತರಿಸಿದ್ದರೆ ಗ್ಯಾರಂಟಿ ಅನ್ವಯಿಸುವುದಿಲ್ಲ. ಗಿಡ ಸಾಯಲು ಇವಿಷ್ಟನ್ನು ಬಿಟ್ಟರೆ ಇನ್ನು ಉಳಿದದ್ದು ಸಿಡಿಲು ಮತ್ತು ದೃಷ್ಟಿ. ನಾವೇ ಎತ್ತಿದ್ದರಿಂದ 'ಸ್ಥಳಾಂತರಿಸಿದ್ದರೆ' ಅನ್ನುವುದಕ್ಕೆ ಸಿಕ್ಕಿಕೊಂಡಿದ್ದೆವು. ಒಂದು ವಾರ ಜಗಳ ಆದ ಮೇಲೆ, ದುಡ್ಡು ವಾಪಸ್ ಇಲ್ಲ, ಮುಂದಿನ ಖರೀದಿಗೆ 500 ರೂಪಾಯಿ ಕಮ್ಮಿ ಮಾಡ್ತೀವಿ ಅಂದರು. ಒಂದು ಒಳ್ಳೆಯ ಮಾತೂ ಹೇಳಬೇಕು: ಗಿಡ ಆರೋಗ್ಯದ ಜಾತಿ, ರೋಗ ಇರಲಿಲ್ಲ, ಹುಡುಗರು ಮರ್ಯಾದೆಯಿಂದ ನಡೆದುಕೊಂಡರು. ನೆಡುವುದು ಹೇಗೆ ಅಂತ ಅವರಿಗೆ ಯಾರೂ ಕಲಿಸಿಲ್ಲ, ದಿನಕ್ಕೆ ಆರು ಕಡೆ ನೆಡಬೇಕು ಅಂತ ಮಾತ್ರ ಹೇಳಿರುತ್ತಾರೆ. ಪ್ಯಾಕೇಜ್‌ಗೆ ಐದಕ್ಕೆ ಒಂದೂವರೆ. ಆ ಅರ್ಧ ಹುಡುಗರಿಗೆ.

ಭರಣಿ ಮಳೆ ಸರಿಯಾಗಿ ಬರಲಿಲ್ಲ, ಎರಡು ಸಲ ಹನಿ ಹಾಕಿ ಹೋಯಿತು. ಕೃತ್ತಿಕೆಯಲ್ಲಿ ಒಂದು ರಾತ್ರಿ ಜೋರು ಮಳೆ. ಅದಾಗಿ ಐದನೇ ದಿನ ಬೆಳಗ್ಗೆ ಹಾಲಿನ ಪ್ಯಾಕೆಟ್ ತರಲು ಹೋದಾಗ ಕಾಂಡದ ಮೇಲೆ ಸೊಂಟದೆತ್ತರದಲ್ಲಿ ಸಾಸಿವೆ ಕಾಳಿನಷ್ಟು ಏನೋ ಉಬ್ಬಿತ್ತು. ಹುಳ ಅಂದುಕೊಂಡು ಉಗುರಲ್ಲಿ ತೆಗೆಯಲು ಹೋಗಿದ್ದೆ, ಪುಣ್ಯಕ್ಕೆ ಕನ್ನಡಕ ಹಾಕಿಕೊಂಡು ನೋಡೋಣ ಅನ್ನಿಸಿತು. ತಾಮ್ರದ ಬಣ್ಣದ ಚಿಗುರು. ವಾರ ಕಳೆಯುವಷ್ಟರಲ್ಲಿ ಏಳು ಕಡೆ.

ಜೂನ್‌ನಲ್ಲಿ ತಂಗಿ ಸೈಟಿಗೂ ಒಂದು ಹೊಂಗೆ ಬೇಕು ಅಂತ ಅರಣ್ಯ ಇಲಾಖೆ ನರ್ಸರಿಗೆ ಹೋದೆವು. ಮಳೆಗಾಲದ ಶುರುವಿಗೆ ಅವರು ಸಾರ್ವಜನಿಕರಿಗೆ ಸಸಿ ಮಾರುತ್ತಾರೆ, ಬ್ಯಾಗಿನ ಅಳತೆ ಮೇಲೆ ರೇಟು. ಎಂಟು ಇಂಚು–ಹನ್ನೆರಡು ಇಂಚಿನ ಬ್ಯಾಗಿನದು ತಗೊಂಡೆವು, ಗಿಡ ಎರಡೂವರೆ ಅಡಿ, ಎರಡು ಮಸಾಲೆ ದೋಸೆಯ ದುಡ್ಡೊಳಗೆ ಬಂತು. ಹೋಮ್ ಡೆಲಿವರಿ ಇಲ್ಲ, ನಗುಮುಖ ಇಲ್ಲ, ಚಿಲ್ಲರೆ ನೀವೇ ತರಬೇಕು, ಊಟದ ಹೊತ್ತಿಗೆ ಹೋದರೆ ಕಾಯಬೇಕು. ಆದರೆ ಸಸಿ ಅದೇ ವರ್ಷದ್ದು, ಬೇರು ಇನ್ನೂ ಸುತ್ತಿಕೊಂಡಿರಲಿಲ್ಲ. ನಾನು ಅಲ್ಲೇ ಬ್ಯಾಗಿನ ಪಕ್ಕ ಸ್ವಲ್ಪ ಸೀಳಿ ನೋಡಿದೆ. ಅಲ್ಲಿದ್ದವರು ಗುರಾಯಿಸಿದರು, ಗುರಾಯಿಸಲಿ. ಅಂದ ಹಾಗೆ ಜಮೀನು ಇರುವವರಿಗೆ ಇಲಾಖೆಯದ್ದೇ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಸಸಿ ಕಡಿಮೆ ಬೆಲೆಗೆ ಕೊಟ್ಟು, ಬದುಕಿ ಉಳಿದ ಒಂದೊಂದು ಗಿಡಕ್ಕೂ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ನೆಟ್ಟಿದ್ದಕ್ಕಲ್ಲ, ಉಳಿಸಿದ್ದಕ್ಕೆ ದುಡ್ಡು. ಆ ಯೋಜನೆ ಬರೆದವರು ಯಾರೋ ಗಿಡ ಸಾಯಿಸಿ ನೋಡಿದವರೇ ಇರಬೇಕು.

ತಂಗಿಯ ಗಿಡ ಜೂನ್ ಮಳೆಗೆ ನೆಟ್ಟದ್ದು, ಒಂದು ಎಲೆಯೂ ಉದುರಿಸಲಿಲ್ಲ. ಈಗ ಅಕ್ಟೋಬರ್, ನಾಲ್ಕು ಅಡಿ ಮೀರಿದೆ. ನನ್ನದು ನಾಲ್ಕೂವರೆ ಅಡಿ ಮೋಟು, ಅದರ ಮೇಲೆ ಚಿಗುರಿದ ಏಳರಲ್ಲಿ ಐದು ಕೊಂಬೆ ಉಳಿದಿವೆ, ಉದ್ದನೆಯದು ಎರಡು ಅಡಿ. 3,500 ಕೊಟ್ಟ ಮರವೂ ದೋಸೆ ದುಡ್ಡಿನ ಗಿಡವೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ನಿಂತಿವೆ. ಸಣ್ಣ ಗಿಡ ಬೇಗ ಕಾಲೂರುತ್ತದೆ, ದೊಡ್ಡದು ಹೊಸ ಜಾಗಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಅದನ್ನು ದಾಟಿಕೊಂಡು ಹೋಗುತ್ತದೆ. ನಾನು ಮತ್ತೆ ಕೊಳ್ಳುವುದಾದರೆ ಎರಡಡಿಯದ್ದನ್ನೇ ಕೊಳ್ಳುವುದು.

ಎಲೆಗಳ ಮೇಲೆ ಈಗ ಸಣ್ಣ ಸಣ್ಣ ಗಂಟು ಎದ್ದಿವೆ. ಮೊದಲು ಗಾಬರಿಯಾಗಿ ಔಷಧಿ ಅಂಗಡಿಗೆ ಹೊರಟಿದ್ದೆ. ಬೀದಿಗೆ ಹೋಗಿ ನೋಡಿದೆ, ಎಲ್ಲಾ ಹೊಂಗೆಗಳ ಎಲೆಯಲ್ಲೂ ಅದೇ ಗಂಟು, ನುಸಿಯ ಕೆಲಸ, ಮರಕ್ಕೆ ಅದೇನೂ ಲೆಕ್ಕಕ್ಕಿಲ್ಲ. ವಾಪಸ್ ಬಂದೆ. ಐದು ಕೊಂಬೆಯಲ್ಲಿ ಯಾವುದನ್ನು ತಲೆಯಾಗಿ ಬಿಡಬೇಕು, ಯಾವುದನ್ನು ತೆಗೆಯಬೇಕು ಅಂತ ಮಾವನಿಗೆ ವಿಡಿಯೋ ಕಾಲ್ ಮಾಡಿದ್ದೆ. ಈ ವರ್ಷ ಒಂದನ್ನೂ ಮುಟ್ಟಬೇಡ, ಮುಂದಿನ ಮಳೆಗಾಲಕ್ಕೆ ನಾನೇ ಬರ್ತೀನಿ, ಅಲ್ಲೀತಂಕ ಆ ಕತ್ತರಿ ಬಚ್ಚಿಡು ಅಂದಿದ್ದಾರೆ. ನರ್ಸರಿಯ 500 ರೂಪಾಯಿ ಕೂಪನ್ ಇನ್ನೂ ಫ್ರಿಜ್ ಮೇಲಿದೆ, ಬೇಕಾದವರು ಕೇಳಿ.